ಕೈಗಡದ ಹಿಟ್ಟು

ನಮ್ಮ ಓಣಿಯಲ್ಲಿ ಬಡತನ ಇಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಒಂದು ಬ್ಯಾನರಿನಿಂದ. ಬೆಳಿಗ್ಗೆ ಕಸ ಹೊಡೆಯಲು ಬಾಗಿಲು ತೆರೆದರೆ ಓಣಿಯ ಬಾಯಲ್ಲಿ, ಬೇವಿನ ಮರದಿಂದ ಲೈಟಿನ ಕಂಬದವರೆಗೆ, ‘ಬಡತನ ಮುಕ್ತ ಓಣಿಗೆ ಸುಸ್ವಾಗತ’ ಎಂದು ಕಟ್ಟಿತ್ತು. ಅಕ್ಷರಗಳ ಪಕ್ಕದಲ್ಲಿ ಕಾಕಾ ಕೈ ಮುಗಿದು ನಿಂತಿದ್ದರು. ಫೋಟೋದಲ್ಲಿ ಅವರ ಕೂದಲು ನಿಜಕ್ಕಿಂತ ಬಹಳ ಕಪ್ಪಾಗಿತ್ತು.

ಕಾಕಾ ನಮ್ಮ ಓಣಿಯ ಮೊದಲ ಮನೆಯವರು. ಬನಹಟ್ಟಿಯ ಈ ಓಣಿ ನೇಕಾರರದು. ಉಳಿದವರ ಮನೆಯಲ್ಲಿ ಎರಡೋ ನಾಲ್ಕೋ ಪವರ್‌ಲೂಮ್ ಮಗ್ಗಗಳಿದ್ದರೆ ಕಾಕಾನ ಮನೆಯಲ್ಲಿ ಒಂದು ಸಾಲೇ ಇದೆ. ಅವನ್ನು ಮಕ್ಕಳು ನೋಡಿಕೊಳ್ಳತೊಡಗಿದ ಮೇಲೆ ಕಾಕಾನಿಗೆ ಊರ ಉಸಾಬರಿಯೇ ಉದ್ಯೋಗ. ಜಮಖಂಡಿಯಲ್ಲಿ ಯಾವುದೋ ಸಭೆಗೆ ಹೋಗಿದ್ದಾಗ, ಸರಕಾರದ ದಾರಿ ಕಾಯಬೇಡಿ, ನಿಮ್ಮ ಓಣಿಯ ಬಡತನವನ್ನು ನೀವೇ ಕಳೆಯಿರಿ ಎಂದು ಯಾರೋ ಭಾಷಣ ಮಾಡಿದರಂತೆ. ಕಾಕಾನಿಗೆ ಅದು ನೆತ್ತಿಗೇರಿತು. ಬರುವ ದಾರಿಯಲ್ಲೇ ಬ್ಯಾನರ್ ಅಂಗಡಿ ಇತ್ತು.

“ಕಾಕಾ, ಕೆಲಸ ಆದ ಮ್ಯಾಲಲ್ಲರಿ ಬ್ಯಾನರ್ ಹಾಕೋದು,” ಎಂದೆ.

“ತಂಗಿ, ಬ್ಯಾನರ್ ಹಾಕಿದ ಮ್ಯಾಲ ಕೆಲಸ ಮಾಡಲಾರದ ಬಿಡಾಕ ಬರತೈತೇನು?” ಎಂದರು.

ನನಗೆ ಸಿಟ್ಟು ಬೇಗ ಬರುತ್ತದೆ, ಮಾತು ಅದಕ್ಕಿಂತ ಬೇಗ. ಅವತ್ತು ಮಾತ್ರ ಕಸಬರಿಗೆ ಎತ್ತಿಕೊಂಡು ಕಸ ಹೊಡೆಯಲು ಹೋದೆ.

ಬ್ಯಾನರ್ ತನ್ನ ಕೆಲಸ ಅವತ್ತೇ ಶುರು ಮಾಡಿತು. ತರಕಾರಿ ಗಾಡಿಯವನು ಬದನೆಕಾಯಿ ದರ ಇಳಿಸಲು ಒಪ್ಪಲಿಲ್ಲ. “ಬೋರ್ಡ್ ಓದೇ ಒಳಗ ಬಂದೇನ್ರಿ ಅಕ್ಕಾರ,” ಎಂದ. ಬೀಳಗಿ ಕಡೆಯ ಒಂದು ಹಳ್ಳಿಯವರು ಗುಡಿಯ ಜೀರ್ಣೋದ್ಧಾರಕ್ಕೆಂದು ಪಾವತಿ ಪುಸ್ತಕ ಹಿಡಿದು ಬಂದರು. ಬಡವರೇ ಇಲ್ಲದ ಓಣಿ ಈ ಭಾಗದಲ್ಲಿ ಇನ್ನೆಲ್ಲೂ ಸಿಗಲಿಲ್ಲವಂತೆ. ಸೋಮವಾರಕ್ಕೊಮ್ಮೆ ಭಿಕ್ಷೆಗೆ ಬರುವ ಮುದುಕ ಬ್ಯಾನರಿನ ಕೆಳಗೆ ನಿಂತು, ಯಾರಿಂದಲೋ ಅದನ್ನು ಓದಿಸಿಕೊಂಡು, ಒಳಗೆ ಬರಲೋ ಬೇಡವೋ ಎಂದು ಕೂಗಿ ಕೇಳಿದ. ಕಾಕಾ ಸ್ವಲ್ಪ ಯೋಚಿಸಿ, “ಬಾರಪಾ ಬಾ. ಹೊರಗಿನ ಬಡತನ ನಮ್ಮ ಲೆಕ್ಕಕ್ಕ ಬರಂಗಿಲ್ಲ,” ಎಂದರು.

ಸಂಜೆ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ಕಾಕಾ ಎದ್ದು ನಿಂತು, “ಬಡವರು ಯಾರ್ಯಾರದೀರಿ, ಕೈ ಎತ್ತರಿ,” ಎಂದರು. ತಲೆ ತುರಿಸಿಕೊಳ್ಳುತ್ತಿದ್ದ ಒಬ್ಬರು ಗಡಬಡಿಸಿ ಕೈ ಇಳಿಸಿದರು. ಬೇರೆ ಯಾರೂ ಎತ್ತಲಿಲ್ಲ. ನೇಕಾರ ಹಸಿದಾನು, ಸಭೆಯಲ್ಲಿ ಕೈ ಎತ್ತಲಾರ. ಕಾಕಾನ ಮುಖ ಬಾಡಿತು. ಬ್ಯಾನರ್ ಕಟ್ಟಿದ್ದಾಗಿದೆ, ಕಳೆಯಲು ಬಡತನವೇ ಸಿಗುತ್ತಿಲ್ಲ.

ಆಗ ಎಲ್ಲರ ಕಿವಿಯೂ ಓಣಿಯ ತುದಿಗೆ ಹೋಯಿತು. ನಮ್ಮಲ್ಲಿ ಒಂದು ಮನೆಯ ಸ್ಥಿತಿ ತಿಳಿಯಲು ಒಳಗೆ ಹೋಗಬೇಕಿಲ್ಲ. ಮಗ್ಗದ ಸದ್ದು ಕೇಳಿದರೆ ಸಾಕು. ಕೊನೆಯ ಮನೆಯಿಂದ ಸದ್ದು ನಿಂತು ಬಹಳ ತಿಂಗಳಾಗಿತ್ತು.

ಆ ಮನೆಯ ಹೆಣ್ಣುಮಗಳನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತೇವೆ. ಮಕ್ಕಳಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಇದ್ದ ಒಂದು ಮಗ್ಗ ನಡೆಸಿ ಮರ್ಯಾದೆಯಿಂದ ಬದುಕಿದ್ದರು. ಬೇಸಿಗೆಯಲ್ಲಿ ಅವರ ಯಜಮಾನರು ತೀರಿಕೊಂಡರು, ಅಂದಿನಿಂದ ಮಗ್ಗ ನಿಂತಿತು. ಹುನ್ನೂರಿನಲ್ಲಿ ಅವರ ಅಣ್ಣನ ಮನೆ. ವರ್ಷಕ್ಕೊಮ್ಮೆ ಅಲ್ಲಿಂದ ಜೋಳ, ಶೇಂಗಾ ಬರುತ್ತದೆ. ಮಗ್ಗವನ್ನು ಗುಜರಿಗೆ ಹಾಕಿ ಬಂದುಬಿಡು ಎಂದು ಅಣ್ಣ ಒತ್ತಾಯ ಮಾಡುತ್ತಿದ್ದ. ನಿಂತ ಮಗ್ಗಗಳನ್ನು ಕಬ್ಬಿಣದ ತೂಕಕ್ಕೆ ಒಯ್ಯುವ ಟೆಂಪೊಗಳು ನಮ್ಮ ರಬಕವಿ ಬನಹಟ್ಟಿಯಲ್ಲಿ ಹಾಲಿನ ಗಾಡಿಯಷ್ಟೇ ಸಾಮಾನ್ಯ. ವೈನಿಗೆ ಹೋಗಲು ಮನಸ್ಸಿರಲಿಲ್ಲ. ನಮ್ಮ ಅತ್ತೆಯ ಮುಂದೆ ಒಮ್ಮೆ ಹೇಳಿಕೊಂಡಿದ್ದರು: “ಅಣ್ಣನ ಮನ್ಯಾಗ ಉಣ್ಣಾಕ ಕಡಿಮಿ ಇಲ್ಲರಿ. ಆದ್ರ ಅಲ್ಲಿ ನನ್ನ ಬಾಗಲಾ ಅಂತ ಒಂದಿಲ್ಲ. ಈ ಮಗ್ಗ ಹೋತಂದ್ರ ನಾನೂ ಹೋದಂಗ.”

ಆ ಮಗ್ಗ ಆ ಮನೆಯಲ್ಲೇ ಉಳಿಯಬೇಕು, ವೈನಿ ಈ ಓಣಿಯಲ್ಲೇ ಉಳಿಯಬೇಕು ಎಂದು ಸಭೆ ನಿರ್ಧರಿಸಿತು. ಇದು ಒಳ್ಳೆಯ ನಿರ್ಧಾರವೇ. ಅದರ ಹಿಂದೆಯೇ ಇನ್ನೊಂದು ನಿರ್ಧಾರವಾಯಿತು. ತಾನು ಬಡವಿ ಎಂದು ಓಣಿ ಗುರುತಿಸಿದೆ ಎಂಬುದು ವೈನಿಗೆ ಗೊತ್ತಾಗಬಾರದು, ಗೊತ್ತಾದರೆ ಮನಸ್ಸಿಗೆ ನೋವಾದೀತು. ಅವರಿಗೆ ಸುಳಿವು ಕೊಡದೆಯೇ ಅವರ ಬಡತನ ಕಳೆಯಬೇಕು. ಎಲ್ಲರೂ ದೇವರ ಮುಂದೆ ಆಣೆ ಮಾಡಿದೆವು. ನಾನೂ ಮಾಡಿದೆ.

ಮೊದಲ ಯೋಜನೆ ಸರಳ. ದಿನಕ್ಕೊಂದು ಮನೆಯವರು, ಹೆಚ್ಚಾಗಿ ಮಾಡಿದ್ದೇವೆ ಎಂಬ ನೆಪದಲ್ಲಿ, ವೈನಿಗೆ ಒಂದು ಡಬ್ಬಿ ತುಂಬ ಅಡುಗೆ ಕೊಟ್ಟು ಬರುವುದು. ಮೊದಲ ದಿನ ನಮ್ಮ ಪಾಳಿ. ಬದನೆಕಾಯಿ ಎಣಗಾಯಿ ಮಾಡಿ ಕೊಟ್ಟು ಬಂದೆ. ಸಂಜೆ ಡಬ್ಬಿ ವಾಪಸ್ ಬಂತು, ತೊಳೆದು ಒರೆಸಿ, ತುಂಬ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತುಂಬಿಕೊಂಡು.

ಇಷ್ಟು ದೊಡ್ಡ ಸಭೆಯಲ್ಲಿ ಯಾರಿಗೂ ನೆನಪಾಗದ ಸಂಗತಿ ಇದು. ನಮ್ಮಲ್ಲಿ ಕೊಟ್ಟ ಪಾತ್ರೆಯನ್ನು ಖಾಲಿ ತಿರುಗಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸಬೇಕು. ಉಳಿದವರು ಚಿಟಿಕೆ ಹಾಕುತ್ತಾರೆ. ವೈನಿ ಚಿಟಿಕೆಯ ಜಾತಿಯವರಲ್ಲ; ಪಾತ್ರೆ ಎಷ್ಟು ದೊಡ್ಡದೋ ಅಷ್ಟೂ ತುಂಬಬೇಕು ಎನ್ನುವವರು. ಹುನ್ನೂರಿನ ಅಣ್ಣ ಕಳಿಸಿದ ವರ್ಷದ ಶೇಂಗಾ ಹೀಗೆ ಡಬ್ಬಿ ಡಬ್ಬಿಯಾಗಿ ನಮ್ಮ ಮನೆಗಳಿಗೆ ಬರತೊಡಗಿತು.

ಕಾಕಾ ಇದನ್ನು ಪ್ರೀತಿಯಿಂದ ಇನ್ನಷ್ಟು ಕೆಡಿಸಿದರು. ವೈನಿಗೆ ಇನ್ನೂ ಹೆಚ್ಚು ಹೋಗಲಿ ಎಂದು ಮೂರು ತಾಳಿನ ಟಿಫಿನ್ ಕ್ಯಾರಿಯರ್ ಕಳಿಸಿದರು. ಅದು ಒಂದು ತಾಳಿನಲ್ಲಿ ಹಿಂಡಿ, ಒಂದರಲ್ಲಿ ಕಡಕ್ ರೊಟ್ಟಿಯ ಚೂರು, ಒಂದರಲ್ಲಿ ಬೆಲ್ಲದ ಪಾಕದ ಶೇಂಗಾ ಉಂಡೆಯೊಂದಿಗೆ ಮರಳಿತು. ಉಂಡೆ ತಿಂದ ಮೇಲೆ ಕಾಕಾ ಪಾಳಿ ಇಲ್ಲದ ದಿನವೂ ಕ್ಯಾರಿಯರ್ ಕಳಿಸತೊಡಗಿದರು. ಕಾಕಾನ ಶುಗರ್ ಏರಿತು. ವೈನಿ ಸೊರಗಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನಮ್ಮ ಕಥೆ.

“ಪಾತ್ರೆ ಇದ್ರ ತಾನ ತಿರುಗಿ ಕೊಡೋದು? ಪಾತ್ರೇನ ಬ್ಯಾಡ,” ಎಂದರು ಒಬ್ಬರು. ಬಾಳೆ ಎಲೆಯಲ್ಲಿ ಕಟ್ಟಿ ಕೊಟ್ಟೆವು. ಮರುದಿನ ವೈನಿ ಎಲ್ಲಿಂದಲೋ ಹೊಸ ಎಲೆ ತಂದು, ಅದರಲ್ಲಿ ಗೋಧಿ ಬೆಲ್ಲದ ಮಾದಲಿ ಕಟ್ಟಿ ಕೊಟ್ಟರು. ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟೆವು. ಚೀಲಗಳನ್ನು ತೊಳೆದು ಹಗ್ಗದ ಮೇಲೆ ಒಣಹಾಕಿ, ಮಡಚಿ, ಒಳಗೆ ಒಂದೊಂದು ಬೆಲ್ಲದ ಹೆಂಟೆ ಇಟ್ಟು ಮನೆ ಮನೆಗೆ ಹಂಚಿದರು. ಕೊನೆಗೆ ಕಾಕಾ, ಚಪಾತಿಯನ್ನು ಬರಿಗೈಯಲ್ಲಿ ಹಿಡಿದುಕೊಂಡು ಹೋಗಿ ಕೊಡಬೇಕೆಂದು ಸೂಚಿಸಿದರು. ನಾನು ಅದಕ್ಕೆ ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ.

ದಾರಿ ತೋರಿಸಿದವರು ನಮ್ಮ ಅತ್ತೆ. ಅವರಿಗೆ ಹಲ್ಲು ಹೋಗಿವೆ, ಬುದ್ಧಿ ಹೋಗಿಲ್ಲ. ಕಟ್ಟೆಯ ಮೇಲೆ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಹೇಳಿದರು: “ಕೊಟ್ರ ಆಕಿ ತಿರುಗಿ ಕೊಡತಾಳ. ಹಂಗಾದ್ರ ಕೊಡಬ್ಯಾಡ್ರಿ. ಬೇಡ್ರಿ. ಒಂದ ವಾಟಿ ಹಿಟ್ಟ ಕೈಗಡ ತಗೊಂಡ ಬರ್ರಿ. ತಿರುಗಿ ಕೊಡೂ ಮುಂದ ಒತ್ತಿ ತುಂಬಿ, ಮ್ಯಾಲ ಗೋಪುರ ಮಾಡಿ ಕೊಡೋದು ನಮ್ಮ ಪದ್ಧತಿ. ಅದನ್ನ ಬ್ಯಾಡ ಅನ್ನಾಕ ಆಕಿಗೆ ಬಾಯಿಲ್ಲ.”

ಸಭೆಯೇ ಎದ್ದು ನಿಂತಿತು. ಪದ್ಧತಿಯಿಂದ ಕೆಟ್ಟದ್ದನ್ನು ಪದ್ಧತಿಯಿಂದಲೇ ಸರಿ ಮಾಡುವುದು. ಹೀಗೆ ಬಡತನ ಮುಕ್ತ ಓಣಿಯ ಜನರಾದ ನಾವು ಮರುದಿನ ಬೆಳಿಗ್ಗೆಯಿಂದ ಓಣಿಯ ಅತಿ ಬಡ ಮನೆಯ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತೆವು.

ಬೇಡುವುದು ಅಷ್ಟು ಸುಲಭವಲ್ಲ. ಮೊದಲ ಸಲ ಹೋದಾಗ ಹವೆಯ ಬಗ್ಗೆ, ಕರೆಂಟಿನ ಬಗ್ಗೆ ಮಾತಾಡಿ ಬಟ್ಟಲನ್ನು ಸೆರಗಿನಲ್ಲೇ ಮುಚ್ಚಿಕೊಂಡು ವಾಪಸ್ ಬಂದೆ. ಅತ್ತೆ ಬೈದು ಮತ್ತೆ ಕಳಿಸಿದರು. ಹಿಟ್ಟಿನ ಗಿರಣಿ ಬಂದ್ ಆಗಿದೆ ಎಂದು ಸುಳ್ಳು ಹೇಳಿ ಒಂದು ಬಟ್ಟಲು ಜೋಳದ ಹಿಟ್ಟು ತಂದೆ. ಮರುದಿನ ಅದರ ಎರಡರಷ್ಟು ಒತ್ತಿ ತುಂಬಿ ಕೊಟ್ಟು ಬಂದೆ. ವೈನಿ, “ಇಷ್ಟ್ಯಾಕರಿ?” ಎಂದರು. “ಪದ್ಧತಿ ಐತೆಲ್ಲರಿ,” ಎಂದೆ. ಅವರು ಸುಮ್ಮನೆ ಡಬ್ಬಿಗೆ ಸುರಿದುಕೊಂಡರು. ಆ ಹೊತ್ತು ನನಗೆ ಎಷ್ಟು ಖುಷಿಯಾಯಿತೆಂದರೆ, ಮನೆಗೆ ಬಂದು ಯಾರ ಮೇಲೂ ಸಿಟ್ಟು ಮಾಡಲಿಲ್ಲ.

ಬರಬರುತ್ತ ಜನಕ್ಕೆ ರುಚಿ ಹತ್ತಿತು. ಬೇಡುವುದರಲ್ಲೂ ಒಬ್ಬರಿಗಿಂತ ಒಬ್ಬರು ಮುಂದಾಗತೊಡಗಿದರು. ಎದುರು ಮನೆಯಾಕೆ ಬಂಗಾರದ ಬಳೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ, ಇಲಿ ಎಲ್ಲ ತಿಂದುಬಿಟ್ಟವು ಎಂದಳು. ಇನ್ನೊಬ್ಬರು ನೆಂಟರು ಬಂದಿದ್ದಾರೆಂದು ದಿನಾಲು ಹೇಳಿದರು. ಅಷ್ಟು ನೆಂಟರು ಈ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ಎಲ್ಲರಿಗಿಂತ ಮೇಲೆಂದರೆ ಕಾಕಾ. ಹೊಸ ಮೋಟರ್ ಸೈಕಲನ್ನು ಮೂಲೆಯಲ್ಲಿ ನಿಲ್ಲಿಸಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಸ್ಟೀಲಿನ ಬುಟ್ಟಿಯಂಥ ಬಟ್ಟಲು ಹಿಡಿದು ಹೋಗುತ್ತಿದ್ದರು. ಒಂದು ದಿನ ನಾನೇ ಕೇಳಿಸಿಕೊಂಡೆ: “ನಿನ್ನಿ ರಾತ್ರಿ ಬರೀ ನೀರ ಕುಡದು ಮಲಗೇವಿ, ವೈನಿ.” ಹಿಂದಿನ ರಾತ್ರಿ ಅವರ ಮನೆಯಿಂದ ಹೋಳಿಗೆಯ ವಾಸನೆ ಇಡೀ ಓಣಿಗೆ ಬಂದಿತ್ತು.

ಯೋಜನೆಯೇನೋ ಫಲಿಸಿತು. ವೈನಿಯ ಮನೆಯ ಡಬ್ಬಿಗಳೆಲ್ಲ ತುಂಬಿ, ಹಿಟ್ಟು ನೀರಿನ ಕೊಡಕ್ಕೆ ಬಂತು, ಕೊಡ ತುಂಬಿ ಮೂಟೆಗೆ ಬಂತು. ನಮ್ಮ ಮನೆಗಳ ಡಬ್ಬಿ ಬರಿದಾದವು. ಗೋಪುರ ಮಾಡಿ ಕೊಡುವುದರಲ್ಲಿಯೂ ಪೈಪೋಟಿ ಇತ್ತಲ್ಲ. ಗಿರಣಿಯಿಂದ ತಂದ ಹಿಟ್ಟು ಮನೆಯ ಹೊಸ್ತಿಲು ದಾಟದೆ ನೇರವಾಗಿ ಕೊನೆಯ ಮನೆಗೆ ಹೋಗುತ್ತಿತ್ತು. ನಮಗೆ ರೊಟ್ಟಿಗೆ ಬೇಕೆಂದರೆ ನಿಜವಾಗಿಯೂ ವೈನಿಯ ಹತ್ತಿರವೇ ಕೈಗಡ ತರಬೇಕು. ತಂದ ಹಿಟ್ಟಿನಲ್ಲಿ ಓಣಿಯ ಎಲ್ಲ ಮನೆಗಳೂ ಇರುತ್ತಿದ್ದವು: ಜೋಳ, ಸಜ್ಜೆ, ಗೋಧಿ, ಯಾರೋ ಅವಸರದಲ್ಲಿ ಸುರಿದ ಕಡಲೆ ಹಿಟ್ಟು. ಬಡಿಯಲು ಕೂತರೆ ರೊಟ್ಟಿ ಕೈಯಲ್ಲೇ ಹರಿಯುತ್ತಿತ್ತು. ಅತ್ತೆ ಒಂದು ತುಂಡು ಬಾಯಿಗಿಟ್ಟು, “ಇದು ನಾವ ಹೋದ ವಾರ ಕೊಟ್ಟಿದ್ದ ಹಿಟ್ಟು,” ಎಂದು ಗುರುತು ಹಿಡಿದರು.

ಕಾಕಾ ಈ ವಿಜಯವನ್ನು ವಾಟ್ಸಾಪಿನಲ್ಲಿ ಎಲ್ಲ ಕಡೆ ಕಳಿಸಿದರು. ಮುಧೋಳದ ಒಂದು ಓಣಿಯವರು, ತಾವೂ ಹೀಗೆಯೇ ಮಾಡಬೇಕೆಂದು, ನೋಡಿ ಕಲಿಯಲು ಒಂದು ಕ್ರೂಸರ್ ಗಾಡಿ ತುಂಬ ಬಂದರು. ಅವರು ಬರುವ ಹೊತ್ತಿಗೆ ನಾವೆಲ್ಲ ಸಾಲಾಗಿ ವೈನಿಯ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದೆವು. ವೈನಿ ಹೊಸ್ತಿಲಲ್ಲಿ ಕೂತು ಒಬ್ಬೊಬ್ಬರಿಗೂ ಹಿಟ್ಟು ಅಳೆದು ಹಾಕುತ್ತಿದ್ದರು.

ಬಂದವರು ನಿಂತು ನೋಡಿದರು. ಪಾಪ, ಮನಸ್ಸುಳ್ಳ ಜನ. ಬಳಿಕ ಮನೆ ಮನೆಗೆ ಹೋದರು. ನಮ್ಮ ಅಡುಗೆ ಮನೆಗೆ ಬಂದ ಒಬ್ಬ ಹೆಣ್ಣುಮಗಳು ಹಿಟ್ಟಿನ ಡಬ್ಬಿಯ ಮುಚ್ಚಳ ಎತ್ತಿ ನೋಡಿ, ಮೆಲ್ಲಗೆ ಮುಚ್ಚಿ, ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯಲ್ಲಿ ನಾಲ್ಕು ಮಗ್ಗ ನಡೆಯುತ್ತವೆ, ಮೇಲೆ ಎರಡು ಕೋಣೆ ಕಟ್ಟಿಸಿದ್ದೇವೆ ಎಂದು ಹೇಳಬೇಕೆನ್ನಿಸಿತು. ಆದರೆ ಅವರ ಜೊತೆಗೇ ಬಂದಿದ್ದ ವೈನಿ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರು, ಆಣೆ ಮಾಡಿದ್ದೆ. ನುಂಗಿಕೊಂಡೆ.

ಮುಧೋಳದವರಿಗೆ ಅರ್ಥವಾದದ್ದಿಷ್ಟು: ಬನಹಟ್ಟಿಯ ಈ ಓಣಿಯಲ್ಲಿ ಉಳ್ಳವರು ಎಂದರೆ ಒಬ್ಬರೇ, ಕೊನೆಯ ಮನೆಯ ಆ ತಾಯಿ; ಅವರೊಬ್ಬರೇ ಇಡೀ ಓಣಿಯನ್ನು ಸಾಕುತ್ತಿದ್ದಾರೆ; ಉಳಿದವರು ಮಾನವಂತರು, ಹಾಗಾಗಿ ಬಡತನ ಮುಕ್ತ ಎಂದು ಬ್ಯಾನರ್ ಕಟ್ಟಿಕೊಂಡು ಒಳಗೊಳಗೇ ಹಸಿದಿದ್ದಾರೆ. ಅವರು ಮರುವಾರ ಮತ್ತೆ ಬಂದರು. ಈ ಸಲ ಕ್ರೂಸರಿನ ಮೇಲೆ ಬೆಲ್ಲದ ಪೆಂಟೆ, ಜೋಳದ ಚೀಲ. ಕೊನೆಯ ಮನೆಯೊಂದನ್ನು ಬಿಟ್ಟು ಎಲ್ಲ ಮನೆಗೂ ಹಂಚಿದರು. ಅವರಲ್ಲಿ ಹಿರಿಯರೊಬ್ಬರು ಕಾಕಾನ ಕೈಗೆ ಬೆಲ್ಲ ಕೊಡುತ್ತ, “ಇರಲಿ ತಗೋರಿ, ಯಾರ ಮುಂದೂ ಹೇಳಂಗಿಲ್ಲ,” ಎಂದು ಪಿಸುಗುಟ್ಟಿದರು. ಮಕ್ಕಳು ಮರಿ ಎಲ್ಲ ನೋಡುತ್ತಿದ್ದವು. ಕಾಕಾ ಬೆಲ್ಲ ಹಿಡಿದುಕೊಂಡು, ಬ್ಯಾನರಿನಲ್ಲಿದ್ದ ತಮ್ಮ ಮುಖವನ್ನೇ ನೋಡುತ್ತ ನಿಂತರು.

ಬಳಿಕ ಅದೇ ಬ್ಯಾನರಿನ ಕೆಳಗೆ ಕುರ್ಚಿ ಹಾಕಿ, ವೈನಿಯನ್ನು ಕೂರಿಸಿ, ಶಾಲು ಹೊದಿಸಿ ಮಾಲೆ ಹಾಕಿದರು. ಎರಡು ಮಾತು ಹೇಳಬೇಕೆಂದರು. ವೈನಿ ಯಾವತ್ತೂ ನಾಲ್ಕು ಜನರ ಮುಂದೆ ಬಾಯಿ ತೆರೆದವರಲ್ಲ. ಎದ್ದು ನಿಂತು, ನೆಲ ನೋಡುತ್ತ ಹೇಳಿದರು: “ನಮ್ಮ ಓಣಿ ಮಂದಿ ಇಷ್ಟ ತ್ರಾಸಿನ್ಯಾಗ ಅದಾರ ಅಂತ ನಂಗ ಮೊದಲ ಗೊತ್ತಿರಲಿಲ್ಲರಿ. ನಾ ಇರೂತನಕ ಇಲ್ಲಿ ಯಾರೂ ಉಪಾಸ ಮಲಗಬಾರದು.”

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಬೇರೆ ಏನು ಮಾಡಲು ಸಾಧ್ಯವಿತ್ತು?

ಎರಡು ದಿನ ಕಳೆದಿರಬೇಕು. ನಾನು ಅಂಗಳದಲ್ಲಿ ಕೂತು ಸೀರೆಯ ಸೆರಗಿಗೆ ಗೊಂಡೆ ಕಟ್ಟುತ್ತಿದ್ದೆ; ಅದು ನನ್ನ ದಿನದ ಕೆಲಸ. ಮನೆಯ ಮುಂದೆ ಒಂದು ಟೆಂಪೊ ಹೋಯಿತು. ಹಿಂದೆ ತಕ್ಕಡಿ, ಹಗ್ಗ, ಬೋಲ್ಟು ಬಿಚ್ಚುವ ಪಾನಾ ಹಿಡಿದ ಇಬ್ಬರು ಗಂಡಸರು. ಟೆಂಪೊ ಕೊನೆಯ ಮನೆಯ ಮುಂದೆ ನಿಂತಿತು. ಗೊಂಡೆ ಬಿಟ್ಟು ಓಡಿದೆ. ನನ್ನ ಹಿಂದೆ ಅತ್ತೆ, ಎದುರು ಮನೆಯಾಕೆ, ಕಾಕಾ, ಎಲ್ಲರೂ ಬಂದರು.

ಒಳಗೆ ಪಾನಾ ಹಾಕಿ ಒಂದು ಬೋಲ್ಟು ಬಿಚ್ಚಿಯಾಗಿತ್ತು. ವೈನಿ ಮಗ್ಗಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿ, ಗೋಡೆಗೆ ಆತು ನಿಂತಿದ್ದರು.

“ಇದೇನ್ರಿ ವೈನಿ?” ಎಂದೆ.

“ಎಲ್ಲಾರ ಮನ್ಯಾಗ ಡಬ್ಬಿ ಖಾಲಿ ಬಿದ್ದಾವು,” ಎಂದರು. “ಮುಧೋಳ ಮಂದಿ ಬಂದು ನಿಮಗ ಬೆಲ್ಲ ಹಂಚೂದು ನೋಡೇನರಿ. ಇದು ಸುಮ್ಮ ನಿಂತೈತಿ. ಕೊಟ್ಟು, ಬಂದಿದ್ದರಾಗ ಎಲ್ಲಾರ ಮನಿಗೂ ಜ್ವಾಳ ಹಾಕಸ್ತೇನಿ. ನಾ ಹುನ್ನೂರಿಗೆ ಹೋಗತೇನಿ, ನಂದೊಂದ ಹೊಟ್ಟಿ.”

ಎಲ್ಲರೂ ಕಾಕಾನ ಮುಖ ನೋಡಿದರು, ಕಾಕಾ ತಕ್ಕಡಿಯ ಮುಖ ನೋಡಿದರು. ಪಾನಾದವನು ಎರಡನೆಯ ಬೋಲ್ಟಿಗೆ ಕೈ ಹಾಕಿದ. ಆ ಕ್ಷಣಕ್ಕೆ ನನ್ನ ಆಣೆ, ಅಂತಃಕರಣ, ನಾಜೂಕು ಎಲ್ಲವೂ ಸುಟ್ಟುಹೋದವು.

“ವೈನಿ, ಈ ಓಣ್ಯಾಗ ಬಡವರಂದ್ರ ನೀವೊಬ್ಬರ ಅದೀರಿ,” ಎಂದೆ. “ನಾವ್ಯಾರೂ ಬಡವರಲ್ಲ. ನಾವು ಬೇಡಿದ್ದೆಲ್ಲಾ ಸುಳ್ಳ. ಗಿರಣಿ ಬಂದಾಗಿದ್ದಿಲ್ಲ. ಇಲಿ ತಿಂದಿದ್ದಿಲ್ಲ. ಕಾಕಾ ಅವತ್ತ ಹೋಳಿಗಿ ಉಂಡ ಮಲಗಿದ್ರು. ನಿಮಗ ಕೊಟ್ರ ತಿರುಗಿ ಕೊಡತೀರಿ ಅಂತ ಈ ನಾಟಕ ಮಾಡೇವಿ.”

ಪಾನಾದವನ ಕೈ ನಿಂತಿತು. ಹೊರಗೆ ಎಲ್ಲರ ಮನೆಯ ಮಗ್ಗಗಳ ಸದ್ದು ಖಟಖಟ ಕೇಳುತ್ತಿತ್ತು. ಇಷ್ಟು ಮಗ್ಗ ನಡೆಯುವ ಓಣಿಯನ್ನು ವೈನಿ ಹೇಗೆ ಬಡವರ ಓಣಿ ಎಂದು ನಂಬಿದರು ಎಂದು ಆಗ ನನಗೆ ಆಶ್ಚರ್ಯವಾಯಿತು. ಈಗ ಇಲ್ಲ. ಕಣ್ಣು ಕಿವಿಯನ್ನು ಬಿಟ್ಟು ಬಾಗಿಲಿಗೆ ಬಂದವರ ಮಾತನ್ನು ನಂಬುವವರು ಇದ್ದಾರೆ, ಅವರು ಅಂಥವರು.

ವೈನಿ ಹೊಸ್ತಿಲ ಮೇಲೆ ಕೂತರು. ಅಳುತ್ತಾರೆಂದುಕೊಂಡೆ. ಅವರು ಒಬ್ಬೊಬ್ಬರ ಮುಖವನ್ನೂ ಸಾವಕಾಶ ನೋಡಿದರು.

“ಎಲ್ಲಾ ಸುಳ್ಳೇನ್ರಿ?”

“ಸುಳ್ಳರಿ.”

“ಅಷ್ಟ ಛಲೋ ಬೇಡತಿದ್ರಲ್ಲ,” ಎಂದರು. “ಒಬ್ಬರ ಮುಖದಾಗೂ ನಾಚಿಕಿ ಇರಲಿಲ್ಲ. ನಿಮ್ಮನ್ನ ನೋಡಿ ನೋಡಿ ನಾನೂ ಕಲೀಬೇಕಂತ ಮಾಡಿದ್ದೆ. ಹಾಸಿಗ್ಯಾಗ ಬಿದ್ದಕೊಂಡ ಬಾಯಿಪಾಠ ಮಾಡತಿದ್ದೆ. ನಿಮ್ಮ ನಿಮ್ಮ ಬಾಗಲತನಕ ಬಂದು ತಿರುಗಿ ಹೋಗೇನಿ. ಮಂದಿಗೆ ಹಿಟ್ಟಿಲ್ಲ, ಇಂಥಾದರಾಗ ನಂದೇನ ಕೇಳೋದಂತ ಸುಮ್ಮನಾದೆ.”

“ಏನ ಕೇಳಾವ್ರಿದ್ರಿ?” ಎಂದರು ಅತ್ತೆ.

ವೈನಿ ಒಮ್ಮೆ ಕಣ್ಣು ಮುಚ್ಚಿ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವ ಹಾಗೆ ಹೇಳಿದರು: “ಮಗ್ಗ ನಡಸಾಕ ನಂಗ ಬರತೈತಿ. ಕಂಡಿಕಿ ಸುತ್ತಾಕ ಇನ್ನೊಂದ ಕೈ ಇಲ್ಲ. ದಿನಾ ಒಂದ ತಾಸು ಯಾರರ ಬಂದು ಕಂಡಿಕಿ ಸುತ್ತಿಕೊಡ್ರಿ, ಉಳದದ್ದ ನಾ ಹೆಂಗರ ಮಾಡಕೊಂತೇನಿ.”

ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ಬೆರಳಿನಷ್ಟು ಉದ್ದದ ನೂಲಿನ ಸುರುಳಿ. ಒಬ್ಬರು ರಾಟೆಯ ಮುಂದೆ ಕೂತು ಅದನ್ನು ಸುತ್ತಿ ಸುತ್ತಿ ಕೊಡುತ್ತಿದ್ದರೆ ಇನ್ನೊಬ್ಬರು ಮಗ್ಗ ನಡೆಸಬಹುದು. ಗಂಡ ನಡೆಸುತ್ತಿದ್ದರು, ವೈನಿ ಸುತ್ತಿ ಕೊಡುತ್ತಿದ್ದರು. ಗಂಡ ಹೋದ ಮೇಲೆ ವೈನಿ ಮಗ್ಗಕ್ಕೆ ಬಂದರೆ ರಾಟೆಗೆ ಯಾರು? ಇದು ನಮ್ಮಲ್ಲಿ ಕೂಸುಗಳಿಗೂ ಗೊತ್ತು. ನೇಕಾರರ ಓಣಿ, ಇಷ್ಟು ಸಭೆ, ಇಷ್ಟು ಹಿಟ್ಟು. ದುಃಖಕ್ಕೆ ಮಗ್ಗ ನಿಲ್ಲಿಸಿದ್ದಾರೆ ಎಂದು ನಾವು ನಾವೇ ಹೇಳಿಕೊಂಡು, ಕಣ್ಣೊರೆಸಿಕೊಂಡು, ಬಡತನ ಕಳೆಯಲು ಹೊರಟಿದ್ದೆವು. ಮಗ್ಗ ಯಾಕೆ ನಿಂತಿದೆ ಎಂದು ಒಬ್ಬರೂ ಅವರನ್ನು ಕೇಳಿರಲಿಲ್ಲ. ಕೇಳಿದರೆ ಅವರಿಗೆ ಗೊತ್ತಾಗಿಬಿಡುತ್ತಿತ್ತಲ್ಲ.

ಅವರು ಕೇಳಿ ಮುಗಿಸಿದರು. ನಾವು ಕಾಯುತ್ತಿದ್ದೆವು, ಯಾರಾದರೂ ಹೂಂ ಎನ್ನಲಿ ಎಂದು. ಎದುರು ಮನೆಯಾಕೆ ಬಳೆ ಸರಿಮಾಡಿಕೊಂಡಳು. ಒಬ್ಬರಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಕಾಕಾ ಕೆಮ್ಮಿ, “ವೈನಿ, ಹಿಟ್ಟಂದ್ರ ಈಗ ಕಳಸ್ತೇನಿ. ಎರಡ ಚೀಲ ಕಳಸ್ತೇನಿ. ತಾಸು ಅಂದ್ರ ಹೆಂಗರಿ, ಎಲ್ಲಾರಿಗೂ ಅವರವರ ಕೆಲಸ ಇರತಾವು,” ಎಂದರು. ಅವರು ಸುಳ್ಳು ಹೇಳಲಿಲ್ಲ. ಹಿಟ್ಟು ಕೊಳ್ಳುವ ದುಡ್ಡು ನಮ್ಮೆಲ್ಲರ ಹತ್ತಿರವೂ ಇತ್ತು.

ನನಗೂ ಗೊಂಡೆ ಕಟ್ಟುವುದಿತ್ತು. ಸಂಜೆಯೊಳಗೆ ಸೀರೆ ಕೊಡಬೇಕಿತ್ತು. ಆದರೂ ಒಳಗೆ ಹೋಗಿ ಮೂಲೆಯಲ್ಲಿದ್ದ ರಾಟೆಯ ಮುಂದೆ ಕೂತೆ. ದಯೆಯಿಂದ ಕೂತೆ ಎಂದರೆ ಯಾರೂ ನಂಬಬೇಡಿ, ಸಿಟ್ಟಿನಿಂದ ಕೂತೆ. ಕಾಕಾನ ಮೇಲೆ, ಓಣಿಯ ಮೇಲೆ, ಅಷ್ಟು ದಿನ ಬಟ್ಟಲು ಹಿಡಿದ ನನ್ನ ಕೈಯ ಮೇಲೆ. ಅತ್ತೆ ಗುಜರಿಯವನ ಕಡೆ ತಿರುಗಿ, “ಬಿಚ್ಚಿದ ಬೋಲ್ಟ್ ತಿರ್ಗಿ ಹಾಕಿ ಹೋಗಪಾ,” ಎಂದರು. ಅವನು ವೈನಿಯ ಮುಖ ನೋಡಿದ. ವೈನಿ ನನ್ನ ಕಡೆ ನೋಡಿ, ತಲೆಯಾಡಿಸಿದರು.

ಮನೆಯಲ್ಲಿ ನಮಗೆ ಕಂಡಿಕೆ ಸುತ್ತಲು ಆಳಿದೆ. ನನ್ನ ಕೈಗೆ ಅದು ಮರೆತೇ ಹೋಗಿತ್ತು. ರಾಟೆ ತಿರುಗಿಸಿದೆ, ನೂಲು ಹರಿಯಿತು. ಗಂಟು ಹಾಕಿ ಮತ್ತೆ ತಿರುಗಿಸಿದೆ. ಒಂದು ಸುತ್ತಿ ಕೊಟ್ಟೆ. ವೈನಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಡಬ್ಬಿಯಾಗಿದ್ದರೆ ಏನೋ ತುಂಬಿ ವಾಪಸ್ ಕೊಡುತ್ತಿದ್ದರು. ಇದನ್ನು ಹಾಗೆಯೇ ತಿರುಗಿ ನನ್ನ ಕೈಗಿಟ್ಟರು.

“ಇದು ಸಡಲ ಆಗೇತಿ, ಲಾಳ್ಯಾಗ ಕುಂಡ್ರಂಗಿಲ್ಲ,” ಎಂದರು. “ಬಿಚ್ಚಿ ಮತ್ತ ಸುತ್ತ್ರಿ.”

ಬಿಚ್ಚಿ ಮತ್ತೆ ಸುತ್ತಿದೆ. ಅದು ಲಾಳಿಯಲ್ಲಿ ಕೂತಿತು. ಮಗ್ಗಕ್ಕೆ ಎಣ್ಣೆ ಹಾಕಿ, ಮೋಟರ್ ಹಚ್ಚಿದರು. ಮೊದಲು ತೊದಲಿ, ಆಮೇಲೆ ಸರಿಯಾಗಿ ಅದು ಹೊಡೆಯತೊಡಗಿತು. ಬಾಗಿಲಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಹೋದರು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ವೈನಿ ನನ್ನ ಕಡೆ ಬಗ್ಗಿ ಕಿವಿಯ ಹತ್ತಿರ ಬಾಯಿ ತಂದು ಕೂಗಿ ಕೇಳಿದರು.

“ನಾಳೆ ಎಷ್ಟೊತ್ತಿಗೆ ಬರತೀರಿ?”

ನಾನು ಅವತ್ತಿನ ಒಂದು ತಾಸನ್ನು ಮಾತ್ರ ಲೆಕ್ಕ ಹಾಕಿ ಕೂತಿದ್ದೆ.